ಉಕ್ಕಿ ಬಿದ್ದ ಅಗುಳು, ತಳ ಹಿಡಿದ ಅಗುಳು: ಹೋಟೆಲ್ ರಿವ್ಯೂಗಳನ್ನು ಎಷ್ಟು ನಂಬಬಹುದು?

ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಹಿಸುಕಿದರೆ ಸಾಕು ಅಂತಾರಲ್ಲ, ಅದು ಸುಮ್ನೆ ಹುಟ್ಟಿದ ಮಾತಲ್ಲ, ಅದರಲ್ಲಿ ಒಳ್ಳೆಯ ಸಂಖ್ಯಾಶಾಸ್ತ್ರ ಇದೆ. ಪಾತ್ರೆಯ ಅಗುಳೆಲ್ಲ ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಬೆಂದಿರುತ್ತವೆ, ನಾವು ಸೌಟಿಗೆ ಸಿಕ್ಕಿದ್ದನ್ನು ತೆಗೆಯುತ್ತೇವೆ. ಹಾಗಾಗಿ ಒಂದು ಅಗುಳು ಉಳಿದವುಗಳ ಪರವಾಗಿ ಸಾಕ್ಷಿ ಹೇಳಬಲ್ಲದು. ಹೋಟೆಲಿನ ಆನ್‌ಲೈನ್ ರಿವ್ಯೂ ಓದುವಾಗ ನಾವು ಮಾಡುವುದೂ ಇದೇ ಕೆಲಸ. ಆದರೆ ಅಲ್ಲಿ ಅಗುಳು ಆರಿಸುವವರು ನಾವಲ್ಲ. ಉಕ್ಕಿ ತಾವಾಗಿ ಹೊರಗೆ ಬಿದ್ದವು ಒಂದಷ್ಟು, ತಳ ಹಿಡಿದು ಸೀದವು ಒಂದಷ್ಟು. ನಡುವಿನ ಅನ್ನ ಕಣ್ಣಿಗೇ ಬೀಳುವುದಿಲ್ಲ.

ನೀವೇ ಯೋಚಿಸಿ. ಊಟ ಪರವಾಗಿಲ್ಲ ಅನ್ನಿಸಿದ ದಿನ ಫೋನ್ ತೆಗೆದು 'ಪರವಾಗಿಲ್ಲ' ಅಂತ ಬರೆದದ್ದು ನೆನಪಿದೆಯಾ? ತುಂಬಾ ಖುಷಿಯಾದವರು ಬರೆಯುತ್ತಾರೆ, ಸಿಟ್ಟು ನೆತ್ತಿಗೇರಿದವರು ಬರೆಯುತ್ತಾರೆ, ಉಳಿದವರು ಕೈ ತೊಳೆದು ಮನೆಗೆ ಹೋಗುತ್ತಾರೆ. ಆನ್‌ಲೈನ್ ರೇಟಿಂಗ್‌ಗಳನ್ನು ಅಧ್ಯಯನ ಮಾಡಿದವರಿಗೆ ಮತ್ತೆ ಮತ್ತೆ ಸಿಕ್ಕ ಚಿತ್ರವೂ ಇದೇ: 5 ಸ್ಟಾರ್ ಕಡೆ ದೊಡ್ಡ ಗುಡ್ಡ, 1 ಸ್ಟಾರ್ ಕಡೆ ಸಣ್ಣ ದಿಬ್ಬ, ನಡುವೆ ತಗ್ಗು. ಸರಾಸರಿ ಹೋಗಿ ಕೂರುವುದು ಎಷ್ಟೋ ಸಲ ಈ ತಗ್ಗಿನ ಹತ್ತಿರವೇ. ನಾಲ್ಕು ಜನ ತಲಾ 4 ಕೊಟ್ಟರೂ ಸರಾಸರಿ 4, ಮೂವರು 5 ಕೊಟ್ಟು ಒಬ್ಬರು 1 ಕೊಟ್ಟರೂ 4. ಮೊದಲನೆಯದು ಹಾಗೂ ಹೀಗೂ ನಂಬಬಹುದಾದ ಜಾಗ. ಎರಡನೆಯದರಲ್ಲಿ ನಾಲ್ಕನೇ ಸಲ ಹೋದಾಗ ಸಂಜೆ ಹಾಳಾಗಬಹುದು. ಪರದೆಯ ಮೇಲೆ ಎರಡಕ್ಕೂ ಒಂದೇ ಅಂಕಿ. ಅದಕ್ಕೇ ನಾನು ದೊಡ್ಡಕ್ಷರದ ಸರಾಸರಿಗಿಂತ ಯಾವ ಸ್ಟಾರ್ ಎಷ್ಟು ಜನ ಕೊಟ್ಟರು ಅಂತ ತೋರಿಸುವ ಪಕ್ಕದ ಸಣ್ಣ ಪಟ್ಟಿಗಳನ್ನು ಮೊದಲು ನೋಡುತ್ತೇನೆ.

'ಅಷ್ಟೊಂದು ಜನ ಹೇಳಿದ್ದಾರೆ, ಸುಳ್ಳಾಗುತ್ತಾ?' ಅನ್ನುವವರಿಗೆ ಒಂದು ಹಳೆಯ ಲೆಕ್ಕ ಬೆಂಬಲವಾಗಿದೆ. ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ನಡೆದ ದನಗಳ ಪ್ರದರ್ಶನವೊಂದರಲ್ಲಿ ಎತ್ತಿನ ಮಾಂಸದ ತೂಕ ಊಹಿಸುವ ಪಂದ್ಯ ಇತ್ತು. ಅಲ್ಲಿನ 787 ಚೀಟಿಗಳನ್ನು ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಗಾಲ್ಟನ್ ಕ್ರಮವಾಗಿ ಜೋಡಿಸಿದ, ಲೆಕ್ಕವನ್ನು 1907ರಲ್ಲಿ ಪ್ರಕಟಿಸಿದ. ನಟ್ಟನಡುವೆ ಬಂದ ಊಹೆ 1,207 ಪೌಂಡ್, ನಿಜವಾದ ತೂಕ 1,198. ಜನರ ಗುಂಪಿಗೆ ಬುದ್ಧಿ ಇದೆ, ಒಪ್ಪೋಣ. ಆದರೆ ಅಲ್ಲಿ ಪ್ರತಿಯೊಬ್ಬರೂ ತಮ್ಮ ಚೀಟಿ ತಾವೇ ಬರೆದಿದ್ದರು. ರಿವ್ಯೂ ಬರೆಯುವವರು ಹಿಂದಿನವರ ಸ್ಟಾರ್ ನೋಡಿಯೇ ಬಂದಿರುತ್ತಾರೆ, ಎಷ್ಟೋ ಸಲ ಆ ಹೋಟೆಲಿಗೆ ಹೋಗಿದ್ದೇ ಅದನ್ನು ನೋಡಿ.

ಇದರ ಪರಿಣಾಮ ಎಷ್ಟು? 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಪ್ರಯೋಗದ ವರದಿ ಬಂತು. ಸುದ್ದಿ ತಾಣವೊಂದರಲ್ಲಿ ಜನ ಹಾಕಿದ ಕಾಮೆಂಟ್‌ಗಳಲ್ಲಿ ಕೆಲವನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಅವುಗಳಿಗೆ ಹುಟ್ಟುತ್ತಲೇ ಒಂದು ಸುಳ್ಳು ಮೆಚ್ಚುಗೆ ಕೊಟ್ಟರು. ಮುಂದೆ ಬಂದ ಓದುಗ ಮೆಚ್ಚುವ ಸಾಧ್ಯತೆ ಶೇಕಡಾ 32ರಷ್ಟು ಜಾಸ್ತಿಯಾಯಿತು, ಕೊನೆಗೆ ಉಳಿದ ಅಂಕ ಸರಾಸರಿ ಶೇಕಡಾ 25ರಷ್ಟು ಉಬ್ಬಿತು. ತಮಾಷೆ ಅಂದರೆ ಸುಳ್ಳು ತೆಗಳಿಕೆ ಹೀಗೆ ಬೆಳೆಯಲಿಲ್ಲ, ಜನ ಅದನ್ನು ಸರಿಮಾಡಿಬಿಟ್ಟರು. ಹೊಗಳಿಕೆಯನ್ನು ಮಾತ್ರ ಯಾರೂ ತಡೆಯಲಿಲ್ಲ. ಹೊಸ ಹೋಟೆಲಿನ ಮೊದಲ ಹತ್ತು ರಿವ್ಯೂ ಯಾರದ್ದು ಅನ್ನುವುದು ಯಾಕೆ ಮುಖ್ಯ ಅಂತ ಈಗ ಗೊತ್ತಾಯಿತಲ್ವಾ?

ಮೊದಲ ಹತ್ತರ ವಿಷಯಕ್ಕೆ ಲೆಕ್ಕದ ಒಂದು ಉಪಾಯವೂ ಇದೆ, ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್‌ನ ಕಾಲದ್ದು. ಇರುವ ರಿವ್ಯೂಗಳಿಗೆ ಮನಸ್ಸಿನಲ್ಲೇ ಒಂದು ಒಳ್ಳೆಯದು, ಒಂದು ಕೆಟ್ಟದ್ದು ಸೇರಿಸಿ. ಆರಕ್ಕೆ ಆರೂ ಮೆಚ್ಚಿದ ಹೋಟೆಲು ಎಂಟಕ್ಕೆ ಏಳಾಗುತ್ತದೆ, ಅಂದರೆ ಶೇಕಡಾ 87.5. ಇನ್ನೂರರಲ್ಲಿ 184 ಜನ ಮೆಚ್ಚಿದ್ದು 202ಕ್ಕೆ 185 ಆಗಿ ಶೇಕಡಾ 91.6ರಲ್ಲಿ ನಿಲ್ಲುತ್ತದೆ. ಬರೀ ಆರು ಜನರಿಂದ ನೂರಕ್ಕೆ ನೂರು ತೆಗೆದದ್ದು ಇದಕ್ಕಿಂತ ಕೆಳಗಿಳಿಯಿತು ನೋಡಿ.

ಇನ್ನು ಕಳ್ಳ ರಿವ್ಯೂ. ಅದಕ್ಕೆ ಆಸೆ ಯಾಕೆ ಅಂತ ಅರ್ಥವಾಗಬೇಕಾದರೆ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಅಧ್ಯಯನ ನೋಡಬೇಕು, 2012ರದ್ದು. ಜನ ರಿವ್ಯೂ ಬರೆಯುವ ಯೆಲ್ಪ್ ಅನ್ನುವ ತಾಣ ಆಗ ಸರಾಸರಿಯನ್ನು ಅರ್ಧ ಸ್ಟಾರ್‌ಗೆ ಹೊಂದಿಸಿ ತೋರಿಸುತ್ತಿತ್ತು. 3.24 ಇದ್ದರೆ 3, 3.26 ಇದ್ದರೆ 3.5. ಅಡುಗೆಯಲ್ಲಿ ಏನೂ ವ್ಯತ್ಯಾಸ ಇಲ್ಲ, ಆದರೂ ಆ ಅರ್ಧ ಸ್ಟಾರ್ ಸಿಕ್ಕ ಹೋಟೆಲುಗಳ ಟೇಬಲ್‌ಗಳು ಪೂರ್ತಿ ಬುಕ್ ಆಗುವುದು ಶೇಕಡಾ 49ರಷ್ಟು ಹೆಚ್ಚಿತ್ತು. ಹೀಗಿರುವಾಗ ಗೆಳೆಯನ ಕೈಲಿ ಎರಡು ಸಾಲು ಬರೆಸೋಣ ಅಂತ ಯಾರಿಗೆ ಅನ್ನಿಸಲ್ಲ! ಬಾಸ್ಟನ್‌ನ ಹೋಟೆಲುಗಳ ರಿವ್ಯೂಗಳಲ್ಲಿ ಸುಮಾರು ಶೇಕಡಾ 16ನ್ನು ಯೆಲ್ಪ್‌ನ ಸ್ವಂತ ಜರಡಿಯೇ ಅನುಮಾನದಿಂದ ಪಕ್ಕಕ್ಕಿಟ್ಟಿತ್ತು. ಅದನ್ನು ಅಧ್ಯಯನ ಮಾಡಿದವರ ಪ್ರಕಾರ ಮೋಸದ ಒತ್ತಡ ಜಾಸ್ತಿ ಇರುವುದು ಹೆಸರು ಇನ್ನೂ ಗಟ್ಟಿಯಾಗದ, ಅಥವಾ ಈಚೆಗೆ ಬೈಸಿಕೊಂಡ ಹೋಟೆಲುಗಳಲ್ಲಿ. ಬೈಗುಳದ ಬೆನ್ನಿಗೇ ಹೊಗಳಿಕೆಯ ಮಳೆ ಸುರಿದಿದ್ದರೆ ತಾರೀಖು ನೋಡಿ.

ಓದಿ ಕಂಡುಹಿಡಿಯುತ್ತೇನೆ ಅನ್ನುವ ಧೈರ್ಯ ಮಾತ್ರ ಬೇಡ. 2011ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ಶಿಕಾಗೋದ ತಂಗುವ ಹೋಟೆಲುಗಳ ಬಗ್ಗೆ 400 ನಿಜವಾದ, 400 ದುಡ್ಡು ಕೊಟ್ಟು ಬರೆಸಿದ ರಿವ್ಯೂ ಜೋಡಿಸಿ ಪರೀಕ್ಷೆ ಮಾಡಿದರು. ಮನುಷ್ಯರ ತೀರ್ಪು ನಾಣ್ಯ ಚಿಮ್ಮಿದಷ್ಟೇ ಸರಿ, ಕಂಪ್ಯೂಟರ್ ಸುಮಾರು ಶೇಕಡಾ 90. ಅದಕ್ಕೆ ಸಿಕ್ಕ ಸುಳಿವು ಚೆನ್ನಾಗಿದೆ: ಹೋಗದೇ ಬರೆದವರಿಗೆ ಜಾಗ ಗೊತ್ತಿಲ್ಲ, ಹಾಗಾಗಿ ಕೋಣೆ, ನೆಲ, ಬಚ್ಚಲಿನ ವಿವರ ಕಡಿಮೆ, ಯಾರ ಜೊತೆ ಯಾಕೆ ಹೋದೆ ಅನ್ನುವ ಕಥೆ ಜಾಸ್ತಿ. ಈಗ ಯಂತ್ರಗಳೇ ಬಚ್ಚಲನ್ನೂ ಬಣ್ಣಿಸಿ ಕೊಡುತ್ತವೆ, ಆ ಸುಳಿವಿನ ಮೊನೆ ಮೊಂಡಾಗಿದೆ ಅಂತ ನನ್ನ ಅನುಮಾನ.

ನಾನು ಹುಡುಕುವುದು 3 ಸ್ಟಾರ್‌ನವರನ್ನು. ಹಣ ಕೊಟ್ಟು 3 ಬರೆಸುವವರು ಕಡಿಮೆ, ಸಿಟ್ಟಿನಲ್ಲಿ 3 ಕೊಡುವವರೂ ಕಡಿಮೆ. ರುಚಿ ಚೆನ್ನಾಗಿತ್ತು, ಆದರೆ ನಲವತ್ತು ನಿಮಿಷ ಕಾಯಿಸಿದರು, ಪಕ್ಕದ ಟೇಬಲ್‌ನ ಮಾತೆಲ್ಲ ಕೇಳಿಸುತ್ತಿತ್ತು, ಹೀಗೆಲ್ಲ ಅವರು ಬರೆಯುತ್ತಾರೆ. ನನಗೆ ಗದ್ದಲ ನಡೆಯುತ್ತೆ, ಕಾಯೋದು ಆಗಲ್ಲ. ಇಂಥವರು ನಾಲ್ಕೈದು ಜನ ಸಿಕ್ಕರೆ, ಬೇರೆ ಬೇರೆ ತಿಂಗಳಲ್ಲಿ ಬರೆದವರಾಗಿದ್ದರೆ, ಆಮೇಲೆ ಮೇಲಿನ ಅಂಕಿ ಎಷ್ಟಿದೆ ಅಂತ ನಾನು ತಿರುಗಿ ನೋಡುವುದಿಲ್ಲ.