‘ದಿ’ ಎಂದರೆ ‘ಆ’ ಅಲ್ಲ

ಮುಂಬಯಿಯಲ್ಲಿ ಇಂಗ್ಲಿಷ್ ಪುಸ್ತಕ ಮುಂದಿಟ್ಟುಕೊಂಡು ಕನ್ನಡದಲ್ಲಿ ಟಿಪ್ಪಣಿ ಬರೆಯುವ ತತ್ತ್ವಶಾಸ್ತ್ರದ ಹುಡುಗ ಹುಡುಗಿಯರು ಜಾಣರೇ. ಆದರೆ ಇಂಗ್ಲಿಷಿನ ‘ದಿ’ (the) ಕಂಡ ಕೂಡಲೇ ‘ಆ’ ಅಂಟಿಸುವ ಚಾಳಿ ಮಾತ್ರ ಬಿಡರು. ಬ್ರಿಟಿಷ್ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್‌ನ 1905ರ ಪ್ರಬಂಧದ ಪ್ರಸಿದ್ಧ ವಾಕ್ಯ ‘ದಿ ಪ್ರೆಸೆಂಟ್ ಕಿಂಗ್ ಆಫ್ ಫ್ರಾನ್ಸ್ ಈಸ್ ಬಾಲ್ಡ್’ ಅವರ ಕೈಯಲ್ಲಿ ‘ಫ್ರಾನ್ಸಿನ ಈಗಿನ ಆ ರಾಜ ಬೋಳುತಲೆಯವ’ ಎಂದಾಗುತ್ತದೆ. ಯಾವ ರಾಜ? ಅಲ್ಲಿ ರಾಜನೇ ಇಲ್ಲ ಎಂದಲ್ಲವೇ ಅಷ್ಟು ತಲೆನೋವು!

‘ಆ’ ಬೆರಳು ತೋರಿಸುವ ಪದ. ವರ್ಣನೆಗೆ, ಅಂದರೆ ‘ಫ್ರಾನ್ಸಿನ ರಾಜ’ ಎಂಬಂತೆ ಹೆಸರು ಹೇಳದೆ ಹುದ್ದೆಯಿಂದಲೋ ಗುಣದಿಂದಲೋ ಒಬ್ಬರನ್ನು ಸೂಚಿಸುವ ಮಾತಿಗೆ, ಬೆರಳು ಬೇಕಿಲ್ಲ. ಹೌಸಿಂಗ್ ಸೊಸೈಟಿಯ ನೋಟಿಸ್ ಬೋರ್ಡ್ ನೋಡಿ: ‘ಎನ್‌ಒಸಿಗೆ ಸೆಕ್ರೆಟರಿ ಸಹಿ ಹಾಕಬೇಕು.’ ಈ ವರ್ಷ ಮೂರನೇ ಮಹಡಿಯವರು ಸೆಕ್ರೆಟರಿ. ಚುನಾವಣೆಯಾಗಿ ಏಳನೇ ಮಹಡಿಯವರು ಬಂದರೆ ಸಹಿ ಅವರದು. ನೋಟಿಸ್ ತಿದ್ದಬೇಕಿಲ್ಲ. ಅದೇ ಮೂರನೇ ಮಹಡಿಯವರತ್ತ ಕೈ ತೋರಿಸಿ ‘ಆ ಸೆಕ್ರೆಟರಿ ಸಹಿ ಹಾಕಬೇಕು’ ಎಂದಿದ್ದರೆ, ಹುದ್ದೆ ಬಿಟ್ಟ ಮೇಲೂ ಆ ಮಾತು ಅವರ ಬೆನ್ನು ಬಿಡದು. ಕುರ್ಚಿ ಖಾಲಿ ಬಿದ್ದಾಗಲೂ ಮೊದಲನೆಯ ವಾಕ್ಯಕ್ಕೆ ಅರ್ಥವಿದೆ. ಎರಡನೆಯದನ್ನು ಆಗ ಹೊಸದಾಗಿ ಆಡಹೊರಟರೆ ತೋರಿಸಲು ಆಳೇ ಇಲ್ಲ.

ಇಂಥ ವರ್ಣನೆಯ ಅರ್ಥವನ್ನು ರಸೆಲ್ ಬಿಡಿಸಿದ್ದು ಹೀಗೆ. ‘ಸೊಸೈಟಿಯ ಸೆಕ್ರೆಟರಿ ಸಸ್ಯಾಹಾರಿ’ ಎಂದರೆ: ಸೆಕ್ರೆಟರಿ ಒಬ್ಬರಾದರೂ ಇದ್ದಾರೆ, ಒಬ್ಬರಿಗಿಂತ ಹೆಚ್ಚಿಲ್ಲ, ಆ ಹುದ್ದೆಯಲ್ಲಿ ಯಾರೇ ಇರಲಿ ಸಸ್ಯಾಹಾರಿ. ಮೂರರಲ್ಲಿ ಒಂದು ತಪ್ಪಿದರೂ ವಾಕ್ಯ ಸುಳ್ಳು. ‘ಸಸ್ಯಾಹಾರಿಯಲ್ಲ’ ಎನ್ನುವಾಗ ಜೋಪಾನ: ಇರುವವರು ಮೀನು ತಿನ್ನುತ್ತಾರೆ ಎಂದೂ ಆಗಬಹುದು, ಇಡೀ ಮಾತೇ ಸುಳ್ಳು ಎಂದೂ ಆಗಬಹುದು. ಹುದ್ದೆ ಖಾಲಿಯಿದ್ದರೆ ಎರಡನೆಯದಷ್ಟೇ ನಿಜ. ಇನ್ನೊಬ್ಬ ಬ್ರಿಟಿಷ್ ತತ್ತ್ವಜ್ಞಾನಿ ಸ್ಟ್ರಾಸನ್ 1950ರಲ್ಲಿ ಇದನ್ನೊಪ್ಪಲಿಲ್ಲ. ಆಳೇ ಇಲ್ಲದಾಗ ನಿಜ ಸುಳ್ಳಿನ ಪ್ರಶ್ನೆಯೇ ಏಳದು ಎಂದ.

ಕನ್ನಡಕ್ಕೆ ‘ದಿ’ ಇಲ್ಲ, ಮರಾಠಿಗೂ ಇಲ್ಲ. ಅದೇನೂ ಬಡತನವಲ್ಲ. ‘ಒಬ್ಬ ವಾಚ್‌ಮನ್ ಬಂದ’, ‘ವಾಚ್‌ಮನ್ ಬಂದ’ – ವ್ಯತ್ಯಾಸ ಮಗುವಿಗೂ ಗೊತ್ತು. ಗೇಟಿನಲ್ಲಿ ಇಬ್ಬರಿದ್ದರೂ ಎರಡನೆಯದನ್ನು ಆಡುತ್ತೇವೆ, ನಿಜ. ಒಬ್ಬನೇ ಎಂಬ ಅರ್ಥ ಪದದಲ್ಲೇ ಇದೆಯೋ ಸಂದರ್ಭ ಒದಗಿಸುತ್ತದೋ, ಖಡಾಖಂಡಿತವಾಗಿ ಹೇಳಲಾರೆ.

ಹಾಗೆಂದು ವರ್ಣನೆಯಿಂದ ಬೆರಳು ತೋರಿಸುವುದೇ ಇಲ್ಲವೆಂದಲ್ಲ. ಮಾಟುಂಗದ ಉಡುಪಿ ಹೋಟೆಲಿನಲ್ಲಿ ‘ಮೂಲೆಯಲ್ಲಿ ಕಾಫಿ ಕುಡಿಯುತ್ತಿರುವವರು ವಕೀಲರು’ ಎಂದಿರಿ, ಲೋಟದಲ್ಲಿದ್ದದ್ದು ಚಹಾ. ಆದರೂ ಯಾರ ಮಾತೆಂದು ಎದುರಿನವರಿಗೆ ತಿಳಿಯಿತು. ಅಮೆರಿಕದ ತತ್ತ್ವಜ್ಞಾನಿ ಡೊನೆಲನ್ 1966ರಲ್ಲಿ ಗುರುತಿಸಿದ್ದು ಈ ಬಗೆಯ ಬಳಕೆಯನ್ನೇ. ಇಲ್ಲಿ ‘ಆ’ ಹಾಕಿದರೂ ನಡೆದೀತು. ಉಳಿದೆಡೆ ವಾಕ್ಯದಲ್ಲಿ ‘ಯಾರೇ ಆಗಿರಲಿ’ ಸೇರಿಸಿ ಓದಿ. ಮಾತು ಕೆಡದಿದ್ದರೆ ‘ಆ’ ಹೊಡೆದುಹಾಕಿ.