ಕೊರಿಯನ್‌ನಲ್ಲಿ ನನ್ನ ಭಯ ಬೇರೆ, ತಮ್ಮನ ಭಯ ಬೇರೆ

ಇಷ್ಟ, ಭಯ, ಬೇಜಾರು ಹೇಳುವಾಗ ಸ್ಪ್ಯಾನಿಷ್ ನಮಗೆ ಹತ್ತಿರದ ಭಾಷೆ. ತೊಡಕು ಇರುವುದು ಕೊರಿಯನ್‌ನಲ್ಲಿ. ಹಾಗಾಗಿ ಸ್ಪ್ಯಾನಿಷನ್ನು ಬೇಗ ಮುಗಿಸಿಬಿಡೋಣ.

'ಮೆ ಗುಸ್ತಾ ಎಲ್ ಕಾಫೆ' ಅಂದರೆ ನನಗೆ ಕಾಫಿ ಇಷ್ಟ. 'ಮೆ' ನಮ್ಮ 'ನನಗೆ' ಇದ್ದ ಹಾಗೆ. ಇಂಗ್ಲಿಷ್ ಮೂಲಕ ಕಲಿಯುವವರು ಇಲ್ಲಿ 'ನಾನು' ಎಲ್ಲಿ ಅಂತ ಸುಮ್ನೆ ಒದ್ದಾಡ್ತಾರೆ. ಕ್ರಿಯಾಪದ ಇಷ್ಟವಾದದ್ದರ ವಚನ ನೋಡುತ್ತದೆ: ನಾಯಿಗಳಾದರೆ 'ಮೆ ಗುಸ್ತಾನ್ ಲೊಸ್ ಪೆರ್ರೊಸ್'. ಹಾಡು ಇಷ್ಟವಾಯಿತು, ಹಾಡುಗಳು ಇಷ್ಟವಾದವು ಅನ್ನಲ್ವಾ, ಹಾಗೇ. ಹಾವುಗಳ ಭಯವೂ ಇದೇ ಅಚ್ಚು: 'ಮೆ ದಾನ್ ಮಿಯೆದೊ ಲಾಸ್ ಸೆರ್ಪಿಯೆಂತೆಸ್'. ಭಯ ತಮ್ಮನಿಗಾದರೆ 'ಮೆ' ಜಾಗಕ್ಕೆ 'ಲೆ' ಬರುತ್ತದೆ, ಮೊದಲಲ್ಲಿ 'ಆ ಮಿ ಎರ್ಮಾನೊ' ಸೇರುತ್ತದೆ. ಕ್ರಿಯಾಪದ ಅಲುಗುವುದಿಲ್ಲ.

ಕೊರಿಯನ್‌ಗೆ ಮುಖ್ಯವಾದದ್ದು ಅದು ಯಾರ ಮನಸ್ಸು ಎಂಬುದು. ನನ್ನ ಭಯ: 'ನಾನುನ್ ಬೆಮಿ ಮುಸೊವೊಯೊ'. ಇಲ್ಲಿ ಭಯ ಗುಣವಾಚಕ. ಹಾವು, ಅಂದರೆ 'ಬೆಮ್', ಕರ್ತೃವಿನ 'ಇ' ಹಚ್ಚಿಕೊಂಡಿದೆ. ತಮ್ಮನ ಭಯ: 'ದೊಂಗ್‌ಸೆಂಗುನ್ ಬೆಮುಲ್ ಮುಸೊವೊಹೆಯೊ'. ಗುಣವಾಚಕಕ್ಕೆ 'ಹಾದ' (ಅಂದರೆ ಮಾಡು; ಇಲ್ಲಿ 'ಹೆಯೊ' ಆಗಿದೆ) ಸೇರಿ ಕ್ರಿಯಾಪದ ಆಯಿತು, ಹಾವು 'ಉಲ್' ಹಿಡಿದು ಕರ್ಮ ಆಯಿತು. ನನ್ನ ಒಳಗು ನನಗೆ ಗೊತ್ತು. ತಮ್ಮನದು ಹೊರಗೆ ಕಂಡಷ್ಟೇ ಗೊತ್ತು. ವ್ಯಾಕರಣ ಈ ಅಂತರವನ್ನು ಕಾಯುತ್ತದೆ. ಕನ್ನಡದ 'ನಂಗೆ ಭಯ', 'ಅವನು ಹೆದರ್ತಾನೆ' ಜೋಡಿ ಸ್ವಲ್ಪ ನೆರವಾದೀತು. ಆದರೆ ನಮ್ಮಲ್ಲಿ 'ಅವನಿಗೆ ಭಯ' ಅಂದರೂ ಸರಿ; ಅಲ್ಲಿ ಅಷ್ಟು ಸಲೀಸಲ್ಲ. ನೋಡಿ ಊಹಿಸಿದ್ದಾದರೆ 'ಸುಲ್ಫೊ ಬೊಯೊಯೊ', ಅಂದರೆ ಬೇಜಾರಲ್ಲಿರೋ ಹಾಗೆ ಕಾಣ್ತಾರೆ, ಎನ್ನಬಹುದು.

ಎದುರಿಗಿರುವವರನ್ನು ಕೇಳುವಾಗ 'ಮುಸೊವೊಯೊ?' ಸಾಕು. ಉತ್ತರ ಅವರ ಮನಸ್ಸಿನಲ್ಲೇ ಇದೆಯಲ್ಲ! ಕಾದಂಬರಿಕಾರರಿಗೂ ವಿನಾಯಿತಿ ಉಂಟು. ಪಾತ್ರದ ಒಳಗೆ ಹೊಕ್ಕು ಬರೆಯುವವರು ಅವರು. ಆದರೆ 'ಹೆದರಬೇಡಿ' ಅನ್ನಲು 'ಹಾದ' ರೂಪವೇ ಬೇಕು: 'ಮುಸೊವೊಹಾಜಿ ಮಾಸೆಯೊ'. ಗುಣವಾಚಕಕ್ಕೆ ಆಜ್ಞೆ ಮಾಡಲಾಗದು.

'ಹಾದ' ಕಂಡರೆ ಬೇರೆಯವರೇ ಎಂದುಕೊಳ್ಳಬೇಡಿ. 'ಖೊಫಿರುಲ್ ಜೊಆಹೆಯೊ', ನನಗೆ ಕಾಫಿ ಇಷ್ಟ, ಎಂದು ನಮ್ಮ ಬಗ್ಗೆಯೂ ಧಾರಾಳವಾಗಿ ಹೇಳಬಹುದು. ಆಸೆಗೆ ಮಾತ್ರ ಅದೇ ಗೆರೆ: ನನಗೆ ಹೋಗುವಾಸೆ ಇದ್ದರೆ 'ಗಾಗೊ ಸಿಫೊಯೊ', ತಮ್ಮನಿಗಿದ್ದರೆ 'ಗಾಗೊ ಸಿಫೊಹೆಯೊ'.