ಊಟ ಬೇಡ ಅನ್ನುವ ಮಗು: ತಟ್ಟೆಯಲ್ಲಿ ಏನಿಡೋಣ?

ನರ್ಸರಿ ಟೀಚರ್ ತರಬೇತಿಗೆ ಮಕ್ಕಳ ಆಹಾರದ ಪಾಠ ಓದುವಾಗ ಬರೆದಿಟ್ಟುಕೊಂಡ ಟಿಪ್ಪಣಿ ಇದು. ಜೊತೆಗೆ ಓದುತ್ತಿರುವವರಿಗೂ ಅನುಕೂಲ ಆಗಲಿ ಅಂತ ಹಾಕುತ್ತಿದ್ದೇನೆ. 3ರಿಂದ 6 ವರ್ಷದ ಮಕ್ಕಳಿಗೆ ಏನು ಕೊಡಬೇಕು ಅನ್ನುವ ಪಟ್ಟಿ ಎಲ್ಲರ ಹತ್ತಿರವೂ ಇದೆ. ಆದರೆ ಅಮ್ಮಂದಿರು ಕೇಳುವುದು ಬೇರೆ: "ಕೊಟ್ಟರೆ ತಿನ್ನಲ್ಲ, ಏನ್ ಮಾಡ್ಲಿ?"

ಮೊದಲು ತೂಕದ ಲೆಕ್ಕ ನೋಡಿ. 3 ಕೆಜಿ ಹುಟ್ಟಿದ ಮಗು ವರ್ಷ ತುಂಬುವಷ್ಟರಲ್ಲಿ ಸುಮಾರು 9 ಕೆಜಿ ಆಗುತ್ತದೆ. ಅಂದರೆ ಒಂದೇ ವರ್ಷದಲ್ಲಿ 6 ಕೆಜಿ. ಅದೇ ಮಗು 2 ವರ್ಷ ದಾಟಿದ ಮೇಲೆ ವರ್ಷಕ್ಕೆ ಹೆಚ್ಚು ಕಡಿಮೆ 2 ಕೆಜಿ ಅಷ್ಟೇ ಏರುತ್ತದೆ. ಬೆಳವಣಿಗೆ ನಿಧಾನವಾದರೆ ಹಸಿವೂ ತಗ್ಗುತ್ತದೆ. "ಮೊದಲು ಚೆನ್ನಾಗಿ ತಿಂತಿತ್ತು, ಯಾರ ಕಣ್ಣು ಬಿತ್ತೋ" ಅಂತ ದೃಷ್ಟಿ ತೆಗೆಯುತ್ತಾರಲ್ಲ, ಹೆಚ್ಚಿನ ಸಲ ಕಾರಣ ಇದೇ.

ಇದರ ಜೊತೆಗೆ ಹೊಸ ತಿನಿಸಿನ ಭಯ ಸೇರಿಕೊಳ್ಳುತ್ತದೆ. 2ರಿಂದ 6 ವರ್ಷದ ನಡುವೆ ಇದು ಜಾಸ್ತಿ. ಹಸಿರು ಬಣ್ಣ, ಕಹಿ, ಲೋಳೆ ಇವು ಮೊದಲು ಹೊರಗೆ ಹೋಗುತ್ತವೆ. ಬೆಂಡೆಕಾಯಿ ಪಲ್ಯಕ್ಕೆ ಮುಖ ಸಿಂಡರಿಸುವ ಮಗು ಹಟ ಮಾಡುತ್ತಿದೆ ಅಂದುಕೊಳ್ಳಬೇಡಿ. ಅದಕ್ಕೆ ನಿಜವಾಗಿ ಅಂಜಿಕೆ ಇದೆ.

ಈ ಅಂಜಿಕೆ ಹೇಗೆ ಕರಗುತ್ತದೆ ಅನ್ನುವುದಕ್ಕೆ ಲಿಯಾನ್ ಬರ್ಚ್ ಅವರ ಹೆಸರು ನೆನಪಿಡಿ. ಅಮೆರಿಕದ ಮನಶ್ಶಾಸ್ತ್ರಜ್ಞೆ. 1982ರ ಅಧ್ಯಯನದಲ್ಲಿ ಅವರು 2 ವರ್ಷದ ಮಕ್ಕಳಿಗೆ ಗೊತ್ತಿಲ್ಲದ ಹಣ್ಣು, ಚೀಸ್‌ಗಳನ್ನು ಮತ್ತೆ ಮತ್ತೆ ಕೊಟ್ಟು ನೋಡಿದರು. ಹೆಚ್ಚು ಸಲ ಕೊಟ್ಟದ್ದೇ ಮಕ್ಕಳಿಗೆ ಹೆಚ್ಚು ಇಷ್ಟವಾಯಿತು. 1987ರಲ್ಲಿ ಇನ್ನೊಂದು ಅಂಶ ತಿಳಿಯಿತು: ಬರೀ ನೋಡಿದರೆ ರುಚಿ ಹತ್ತಲ್ಲ, ನಾಲಿಗೆಗೆ ತಾಗಬೇಕು. ಒಂದು ಚೂರು ಸಾಕು, ಬೇಕಿದ್ದರೆ ಉಗುಳಲಿ. ಹತ್ತು ಹದಿನೈದು ಸಲ ಬೇಕಾಗಬಹುದು. ನಾವು ಮೂರನೇ ಸಲಕ್ಕೇ "ನಮ್ಮ ಮಗೂಗೆ ಕ್ಯಾರೆಟ್ ಸೇರಲ್ಲ" ಅಂತ ತೀರ್ಮಾನ ಮಾಡಿಬಿಡುತ್ತೇವೆ, ಅಲ್ವಾ?

ಇನ್ನೊಂದು ಹೆಸರು ಎಲಿನ್ ಸ್ಯಾಟರ್. ಇವರೂ ಅಮೆರಿಕದವರು, ಆಹಾರ ತಜ್ಞೆ. ಏನು, ಯಾವಾಗ, ಎಲ್ಲಿ ಅನ್ನುವುದು ದೊಡ್ಡವರ ಕೆಲಸ. ತಿನ್ನಬೇಕಾ, ಎಷ್ಟು ತಿನ್ನಬೇಕು ಅನ್ನುವುದು ಮಗುವಿನ ಕೆಲಸ. ಇಷ್ಟೇ ಅವರ ಸೂತ್ರ. ನಮ್ಮ ಮನೆಗಳಲ್ಲಿ ಇದು ತಿರುಗಾಮುರುಗಾ ಆಗಿದೆ. ಏನು ಮಾಡಬೇಕು ಅಂತ ಮಗು ಹೇಳುತ್ತದೆ, ಎಷ್ಟು ತಿನ್ನಬೇಕು ಅಂತ ಅಜ್ಜಿ ಹೇಳುತ್ತಾರೆ. ಅಳತೆಗೆ ಒಂದು ಸುಲಭ ಲೆಕ್ಕ: ವಯಸ್ಸು ಎಷ್ಟೋ, ಪ್ರತಿ ಪದಾರ್ಥ ಅಷ್ಟು ದೊಡ್ಡ ಚಮಚ. 4 ವರ್ಷದ ಮಗುವಿಗೆ 4 ಚಮಚ ಅನ್ನ, 4 ಚಮಚ ಸಾರು. ಸಾಲದಿದ್ದರೆ ಕೇಳುತ್ತದೆ.

ಈಗ ಅಡುಗೆಗೆ ಬರೋಣ. ನನ್ನ ಅಕ್ಕನ ಮಗಳಿಗೆ ನಾಲ್ಕು ವರ್ಷ. ಮೊಸರನ್ನ, ದೋಸೆ ಬಿಟ್ಟರೆ ಬೇರೇನೂ ಮುಟ್ಟುತ್ತಿರಲಿಲ್ಲ. ಪಾಠದಲ್ಲಿ ಓದಿದ್ದನ್ನು ಅಲ್ಲೇ ಮಾಡಿ ನೋಡಿದೆ: ತಿನ್ನುವ ಪದಾರ್ಥವನ್ನೇ ಹಿಡಿದುಕೊಂಡು, ಒಂದು ಸಲಕ್ಕೆ ಒಂದೇ ಬದಲಾವಣೆ. ದೋಸೆ ತಿನ್ನುತ್ತಾಳೆ, ಸರಿ. ಅದೇ ಹಿಟ್ಟಿನಲ್ಲಿ ಪಡ್ಡು ಹುಯ್ದೆವು. ರುಚಿ ಅದೇ, ಆಕಾರ ಮಾತ್ರ ಬೇರೆ. ಒಂದು ವಾರ ಬರೀ ಪಡ್ಡು. ಆಮೇಲೆ ತುರಿದ ಕ್ಯಾರೆಟ್ ಬಟ್ಟಲು ಅವಳ ಮುಂದಿಟ್ಟು, "ಯಾವ ಗುಳಿಗೆ ಹಾಕ್ತೀಯೋ ಹಾಕು" ಅಂದೆ. ಕಾವಲಿ ಒಲೆಯ ಮೇಲಿರಲಿಲ್ಲ, ಕೆಳಗೆ ತಣ್ಣಗಿತ್ತು. ಒಂದೊಂದೇ ಎಳೆ ಎತ್ತಿ ಎರಡು ಗುಳಿಗೆ ಹಾಕಿದಳು. ಬೆಂದ ಮೇಲೆ ಆ ಎರಡನ್ನೂ ಬಿಡಿಸಿ, ಕ್ಯಾರೆಟ್ ತೆಗೆದು ತಟ್ಟೆಯ ಅಂಚಿಗಿಟ್ಟು, ಉಳಿದದ್ದು ತಿಂದಳು. ಅಕ್ಕ ಬೇಜಾರು ಮಾಡಿಕೊಂಡಳು. "ಅಕ್ಕಾ, ಬೆರಳಿಂದ ಮುಟ್ಟಿದಳಲ್ಲ, ಅದೂ ಲೆಕ್ಕಕ್ಕೆ ಬರುತ್ತೆ" ಅಂದೆ. ಆರನೇ ಸಲಕ್ಕೆ ತೆಗೆಯುವುದನ್ನು ಬಿಟ್ಟಳು. ಈಗ ಸಣ್ಣಗೆ ಹೆಚ್ಚಿದ ನುಗ್ಗೆಸೊಪ್ಪಿನವರೆಗೆ ಬಂದಿದ್ದೇವೆ.

ಇದೇ ದಾರಿಯಲ್ಲಿ ಹೋಗುವ ಬೇರೆ ಊಟಗಳೂ ಇವೆ. ಮೊಸರನ್ನ ಒಪ್ಪುವ ಮಗುವಿಗೆ ದಾಳಿಂಬೆ ಕಾಳು, ಆಮೇಲೆ ತುರಿದ ಸೌತೆಕಾಯಿ. ಚಪಾತಿ ಒಪ್ಪಿದರೆ ಹಿಟ್ಟಿಗೆ ಬೆಂದ ಹೆಸರುಬೇಳೆ ಕಲಸಿ ಲಟ್ಟಿಸಿ. ಅಕ್ಕಿ ರೊಟ್ಟಿಗೆ ಸ್ವಲ್ಪ ರಾಗಿ ಹಿಟ್ಟು, ವಾರ ವಾರ ಒಂದು ಚಮಚ ಜಾಸ್ತಿ. ರಾಗಿಯನ್ನು ಬಿಡಬೇಡಿ, 100 ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ ಬೇಡ ಅನ್ನುವ ಮಗು ಹುರಿಹಿಟ್ಟಿನ ಪುಟ್ಟ ಉಂಡೆ ಕೈಗೆ ಕೊಟ್ಟರೆ ತಿನ್ನಬಹುದು. ಮೊಟ್ಟೆ ತಿನ್ನುವ ಮನೆಯಾದರೆ ದೋಸೆಯ ಮೇಲೇ ತೆಳ್ಳಗೆ ಹರಡಿ. ತಟ್ಟೆಯಲ್ಲಿ ಗೊತ್ತಿರುವ ಪದಾರ್ಥ ಒಂದು ಯಾವಾಗಲೂ ಇರಲಿ. ಎಲ್ಲವೂ ಹೊಸದಾದರೆ ಮಗು ತಟ್ಟೆಯನ್ನೇ ತಳ್ಳುತ್ತದೆ.

ಸೊಪ್ಪನ್ನು ರುಬ್ಬಿ ಬಚ್ಚಿಟ್ಟು ಕೊಡುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಸತ್ವ ಹೊಟ್ಟೆಗೆ ಹೋಗುತ್ತದೆ, ನಿಜ. ಆದರೆ ಮಗು ಸೊಪ್ಪು ತಿನ್ನಲು ಕಲಿಯುವುದಿಲ್ಲ.

"ಪಲ್ಯ ತಿಂದ್ರೆ ಚಾಕ್ಲೇಟ್" ಅನ್ನುವುದಂತೂ ಬೇಡವೇ ಬೇಡ. ಕುಡಿದರೆ ಬಹುಮಾನ ಅಂತ ಹೇಳಿ ಮಕ್ಕಳಿಗೆ ಹೊಸ ಪಾನೀಯ ಕುಡಿಸಿದಾಗ, ಅದು ಅವರಿಗೆ ಮೊದಲಿಗಿಂತ ಕಡಿಮೆ ಇಷ್ಟವಾಯಿತು. ಇದೂ ಬರ್ಚ್ ಅವರ ಪ್ರಯೋಗವೇ, 1984ರದು. ಮೊಬೈಲ್ ತೋರಿಸಿ ತಿನ್ನಿಸಿದರೆ ಹೊಟ್ಟೆ ತುಂಬಿದ್ದು ಮಗುವಿಗೇ ಗೊತ್ತಾಗುವುದಿಲ್ಲ.

ಹಾಲು ದಿನಕ್ಕೆ ಅರ್ಧ ಲೀಟರ್ ಮೀರದಿರಲಿ. ಅದರಲ್ಲೇ ಹೊಟ್ಟೆ ತುಂಬಿದರೆ ಊಟ ಸೇರುವುದಿಲ್ಲ, ಹಾಲಿನಲ್ಲಿ ಕಬ್ಬಿಣದ ಅಂಶವೂ ಇಲ್ಲದಷ್ಟು ಕಡಿಮೆ. ಬೇಳೆ, ಸೊಪ್ಪಿಗೆ ನಿಂಬೆರಸ ಹಿಂಡಿದರೆ ಕಬ್ಬಿಣ ಚೆನ್ನಾಗಿ ಹೀರಿಕೊಳ್ಳುತ್ತದೆ. ಇಡೀ ಕಡಲೆಬೀಜ, ಇಡೀ ದ್ರಾಕ್ಷಿ ಈ ವಯಸ್ಸಿಗೆ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಕಡಲೆಬೀಜ ಪುಡಿ ಮಾಡಿ, ದ್ರಾಕ್ಷಿ ಉದ್ದಕ್ಕೆ ಸೀಳಿ ಕೊಡಿ.

ಕಾಯುತ್ತಾ ಕೂರಬಾರದ ಸಂದರ್ಭಗಳೂ ಇವೆ, ಇವನ್ನು ಅಡಿಗೆರೆ ಹಾಕಿಕೊಳ್ಳಿ. ಅಂಗನವಾಡಿಯ ತೂಕದ ಚಾರ್ಟಿನಲ್ಲಿ ಗೆರೆ ಏರದೆ ಮಲಗಿದರೆ ಅಥವಾ ಇಳಿದರೆ, ನುಂಗುವಾಗ ಪದೇ ಪದೇ ಕೆಮ್ಮು, ವಾಂತಿ ಬಂದರೆ, ಮೊದಲು ತಿನ್ನುತ್ತಿದ್ದವನ್ನೂ ಒಂದೊಂದಾಗಿ ಬಿಡುತ್ತಾ ಬಂದರೆ, ಮಣ್ಣು ಸುಣ್ಣ ತಿನ್ನುತ್ತಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಬೇಕು. ಹೋಗುವಾಗ ಒಂದು ವಾರ ಮಗು ತಿಂದದ್ದನ್ನೆಲ್ಲ, ಅರ್ಧ ಬಿಸ್ಕತ್ತನ್ನೂ ಬಿಡದೆ, ಚೀಟಿಯಲ್ಲಿ ಬರೆದುಕೊಂಡು ಹೋಗಲು ಅಮ್ಮಂದಿರಿಗೆ ಹೇಳಿ.